ದೇವರ ಬಾವಿಯ ಎಣ್ಣೆ

ಅಭಿಷೇಕದ ನೀರಿನಲ್ಲಿ ಎಣ್ಣೆ ವಾಸನೆ ಬಂದ ದಿನವೇ ನಮ್ಮಣ್ಣ ಅಂದಾನಯ್ಯನ ಹೆಗಲಿನಿಂದ ಕೊಡ ಇಳಿಯಿತು. ಬಾಬುರಾಯನಕೊಪ್ಪಲಿನ ಗುಡಿಗೆ ಅಜ್ಜನ ಕಾಲದಿಂದ ನೀರು ಹೊತ್ತ ಮನೆ ನಮ್ಮದು. ಆ ನೀರು ಸೇದುವ ದೇವರ ಬಾವಿಯ ಪಕ್ಕದ ಗದ್ದೆಯಲ್ಲಿ ನೀರೆತ್ತುವ ಡೀಸೆಲ್ ಇಂಜಿನ್ನೂ ನಮ್ಮದೇ. ದೂರಲು ಊರಿಗೆ ಇನ್ನೇನು ಬೇಕು?

“ನಿನ್ನ ಡೀಸೆಲ್ಲೇ ಕಣ್ಲಾ, ಇನ್ಯಾರ್ದು?” ಎಂದ ಮರಿಸ್ವಾಮಿ. ಬಾವಿಯ ಇನ್ನೊಂದು ಮಗ್ಗುಲಿಗೆ, ಮೈಸೂರು ರಸ್ತೆಯ ಅಂಚಿನಲ್ಲಿ ಅವನ ಬಾಡಿಗೆ ಕಾರಿನ ಶೆಡ್ಡು. “ನನ್ನ ಪೆಟ್ರೋಲ್ ಟ್ಯಾಂಕು ಮಣ್ಣೊಳಗೆ ಭದ್ರವಾಗದೆ. ನಿನ್ನ ಪೀಪಾಯಿ ನೋಡು, ಬಾಯಿ ಬುಟ್ಕೊಂಡು ಕುಂತದೆ.”

ಅಣ್ಣ ಸೇವೆ ಹೋಯಿತೆಂದು ಗುಡಿಯ ಮುಂದೆ ಹಾಯುವುದನ್ನೇ ಬಿಟ್ಟ.

ಅವನ ಮಗಳು ಇಂದ್ರಮ್ಮ ಆಗ ಮೈಸೂರಿನ ಒಂದು ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದಳು. ಭಾನುವಾರ ಬಂದವಳು ಎಲ್ಲ ಕೇಳಿ, “ಎಣ್ಣೆಗೂ ಹೆಬ್ಬೆಟ್ಟಿನ ಗುರುತು ಇರ್ತದೆ ಅಪ್ಪ. ಬಾವೀದು, ಮರಿಸ್ವಾಮಣ್ಣಂದು ಒಂದೊಂದು ಸೀಸೆ ತಗೊಂಡೋಯ್ತೀನಿ” ಎಂದಳು.

“ನಂದು ಯಾಕ್ ಬುಟ್ಟೆ? ನಂದೇ ಮೊದ್ಲು ತುಂಬ್ಕೊ. ಎಲ್ಲಾರ ಮುಂದೆ” ಎಂದ ಅಣ್ಣ.

ನಾನು ಸೀಗೆಪುಡಿ ಹಾಕಿ ತಿಕ್ಕಿದ ಸೀಮೆಎಣ್ಣೆ ಸೀಸೆಗಳನ್ನು ತಂದಿಟ್ಟೆ. ಹುಡುಗಿ ನಕ್ಕುಬಿಟ್ಟಳು. “ಇದ್ರಲ್ಲಿ ತುಂಬಿದ್ರೆ ನಿನ್ನ ಲಾಟೀನೂ ಕಟಕಟೆ ಹತ್ತಬೇಕಾಯ್ತದೆ, ಅತ್ತೆ.” ತಾನೇ ತಂದಿದ್ದ ಗಾಜಿನ ಸೀಸೆಗಳಲ್ಲಿ ತುಂಬಿದಳು. ಪೂಜಾರಿ ಬೀರಯ್ಯನವರು ಮುಚ್ಚಳಗಳಿಗೆ ಅರಗು ಹಾಕಿದರು.

ಮುಂದಿನ ಭಾನುವಾರ ಅವಳು ಉದ್ದನೆಯ ಕಾಗದಗಳೊಂದಿಗೆ ಬಂದು ಮೊದಲು ನನಗೇ ತೋರಿಸಿದಳು. ಒಂದೊಂದು ಸೀಸೆಯ ಎಣ್ಣೆಗೂ ಯಂತ್ರ ಬರೆದ ಗೆರೆಗಳಂತೆ. ಪೆಟ್ರೋಲಿನದು ಮೊದಲಲ್ಲೇ ಒತ್ತೊತ್ತಾಗಿ ಎದ್ದ ಮೊನೆಗಳು. ಡೀಸೆಲ್ಲಿನದು ಆಮೇಲೆ ಶುರುವಾಗಿ, ಮೆಟ್ಟಿಲಂತೆ ಸಮ ಅಂತರದಲ್ಲಿ ಸಾಗುವ ಸಾಲು. ಬಾವಿಯದರಲ್ಲಿ ಆ ಒತ್ತು ಮೊನೆಗಳೇ ಇದ್ದವು; ಆದರೆ ಮೊದಲಿನ ಕೆಲವು ಇರಲಿಲ್ಲ.

“ಆ ಕೆಲವು ಎಲ್ಲೋದ್ವು?”

“ಹಗುರವಾದವು ಹಾರೋಗವೆ. ಗುಡೀಲಿ ಭಾರತದ ಕತೆ ಓದೋವಾಗ ನೀನು ತಡವಾಗಿ ಹೋದ್ರೂ, ಮಿಕ್ಕಿದ್ ನಾಕು ಸಾಲು ಕೇಳಿದ್ ತಕ್ಷಣ ಯಾವ ಸಂಧಿ ಅಂತ ಹೇಳ್ಬುಡಲ್ವಾ? ಹಂಗೆ.”

ನನಗೆ ಅರ್ಥವಾಯಿತು. ಅಷ್ಟರಲ್ಲಿ ಕಣ್ಣು ಬಾವಿಯ ಕಾಗದದ ತುದಿಗೆ ಹೋಯಿತು. ಅಲ್ಲಿ ಪುಟ್ಟ ಪುಟ್ಟ ಮೆಟ್ಟಿಲುಗಳಿದ್ದವು.

“ಇವು?”

“ಅಪ್ಪಂದು.”

ಆ ತುದಿಯನ್ನು ಅಂಗೈಯಿಂದ ಮುಚ್ಚಿದೆ. “ಅದನ್ನ ಹೇಳ್ಬ್ಯಾಡ ಕಣವ್ವ. ಸೇವೆ ಪೂರಾ ಹೋಯ್ತದೆ.”

“ಮುಚ್ಚಿಟ್ರೆ ಮಿಕ್ಕಿದ್ದೂ ಸುಳ್ಳಾಯ್ತದೆ, ಅತ್ತೆ” ಎಂದು ಕಾಗದ ಸುತ್ತಿಕೊಂಡು ಎದ್ದಳು.

ಗುಡಿಯ ಜಗಲಿಯ ಮೇಲೆ ಊರು ಸೇರಿತ್ತು. “ಅಪ್ಪನ ಮೇಲೆ ಮಗಳು ಹೇಳಾಳಾ? ಬುಡ್ರಲಾ!” ಎಂದು ಮರಿಸ್ವಾಮಿ ಮೊದಲೇ ನಗೆ ಹರಡಿದ್ದ.

ಇಂದ್ರಮ್ಮ ಕಾಗದ ಬಿಡಿಸಿದಳು. “ಹೆಚ್ಚಿನ ಪಾಲು ಮರಿಸ್ವಾಮಣ್ಣನ ಪೆಟ್ರೋಲು. ಟ್ಯಾಂಕು ತೂತಾಗಿರ್ಬೇಕು, ಅಗೆದು ನೋಡಿ. ಚೂರು ಪಾಲು ನಮ್ಮಪ್ಪನ ಡೀಸೆಲ್ಲು.”

ಊರವರು ಗುದ್ದಲಿ ಹಿಡಿದು ಮರಿಸ್ವಾಮಿಯ ಶೆಡ್ಡಿಗೆ ನಡೆದರು. ಸಂಜೆಯೊಳಗೆ ಟ್ಯಾಂಕು ಮೇಲೆ ಬಂತು. ತಳ ತುಕ್ಕು ತಿಂದು ಜರಡಿಯಾಗಿತ್ತು, ಕೆಳಗಿನ ಮಣ್ಣು ಘಮ್ಮೆನ್ನುತ್ತಿತ್ತು. ಅಣ್ಣನ ಪೀಪಾಯಿಯನ್ನು ಆಗಲೇ ಅಣ್ಣನೇ ಉರುಳಿಸಿಕೊಂಡು ದೂರದ ಕಣಕ್ಕೆ ಸಾಗಿಸಿದ್ದ.

ಬೀರಯ್ಯನವರು ಬಾವಿಗೆ ಮುಳ್ಳು ಮುಚ್ಚಿಸಿದರು. “ನೀರು ತಿಳಿಯಾಗೋಗಂಟ ಕಾವೇರಿಯಿಂದ ತತ್ತಾ, ಅಂದಾನಯ್ಯ” ಎಂದು ಕೊಡ ನೀಡಿದರು.

ಅಣ್ಣ ಕೊಡವನ್ನು ಕಣ್ಣಿಗೊತ್ತಿಕೊಂಡ. “ಸ್ವಾಮಿ, ಮೊದಲನೇ ಕೊಡ ನನ್ನ ಮಗಳು ಹೊರ್ಲಿ.”

ಹೆಣ್ಣುಮಗಳು ಹೊರುವ ಪದ್ಧತಿ ಇರಲಿಲ್ಲ. ಬೀರಯ್ಯನವರು ದೇವರ ಕಡೆ ಒಮ್ಮೆ ನೋಡಿ, ಬಾಗಿಲಿನಿಂದ ಪಕ್ಕಕ್ಕೆ ಸರಿದರು.

ಬೆಳಿಗ್ಗೆ ಹೊಳೆಯಿಂದ ಇಂದ್ರಮ್ಮ ಕೊಡ ಹೊತ್ತು ಮುಂದೆ ಬಂದಳು. ಹಿಂದೆ ಹೊಸ ರುಮಾಲು ಸುತ್ತಿದ ಅಣ್ಣ, ದಾರಿಯಲ್ಲಿ ಸಿಕ್ಕಿದವರನ್ನೆಲ್ಲ ನಿಲ್ಲಿಸಿ ಹೇಳುತ್ತಿದ್ದ: “ನಮ್ಮ ಡೀಸೆಲ್ಲೂ ಸಿಕ್ಕಾಕ್ಕೊಂತು ಕಣ್ರಲಾ! ಹಿಡಿದೋಳು ಯಾರು ಗೊತ್ತಾ? ನನ್ನ ಮಗಳು!”