ಹಾಜಿಸಾಬನ ಮೆಹರು

“ಮಾಫ್ ಮಾಡೀನಿ ಅಂತ ಅನ್ನು ಚಾಂದಬೀ, ಒಂದೇ ಮಾತು!” ಆಶಾಬಿ ತಮ್ಮನ ಹೆಂಡತಿಯ ಭುಜ ಹಿಡಿದು ಅಲುಗಾಡಿಸಿದಳು.

ಕಫನ್ ಸುತ್ತಿದ ಹಾಜಿಸಾಬ ನಡುಮನೆಯಲ್ಲಿ ಮಲಗಿದ್ದ. ಶಹಾಬಾದದ ಆ ಓಣಿಯಲ್ಲಿ ಹೆಣ ಎತ್ತುವ ಮುಂಚೆ ಹೆಂಡತಿ ಮೆಹರು ಮಾಫ್ ಮಾಡಬೇಕು. ಮದುವೆಯಲ್ಲಿ ಕೊಡುತ್ತೇನೆಂದು ಒಪ್ಪಿ, ಎಷ್ಟೋ ಗಂಡಂದಿರು ಕೊಡದೆಯೇ ಹೋಗುವ ದುಡ್ಡು ಅದು. ಹೆಂಡಿರು ಅಳುತ್ತಳುತ್ತಲೇ ಮಾಫ್ ಅಂದುಬಿಡುತ್ತಾರೆ. ಚಾಂದಬೀ ಮಾತ್ರ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಳು. ಅಂಗಳದಲ್ಲಿ ಗಂಡಸರು ಬಿಸಿಲಲ್ಲೇ ಕಾಯುತ್ತ ನಿಂತಿದ್ದರು.

“ಸಾಲ ಹೊತಗೊಂಡು ಗೋರಿಗೆ ಹೋಗಬೇಕೇನು ನನ್ನ ತಮ್ಮ?”

“ಸಾಲ ಇಲ್ಲ. ಮೆಹರು ಮುಟ್ಟ್ಯದ,” ಎಂದಳು ಚಾಂದಬೀ.

“ಯಾ ಅಲ್ಲಾ! ಆರು ವರ್ಷ ಕುಂತು ಉಂಡಾನ, ಎಲ್ಲಿಂದ ತಂದು ಕೊಟ್ಟ? ಹೆಣದ ಮುಂದ ಸುಳ್ಳು ಹೇಳಬ್ಯಾಡ!”

ಚಾಂದಬೀ ಹೆಣದ ಕಡೆ ನೋಡಿದಳು. ಹೇಗೆ ಕೊಟ್ಟ ಎಂದು ಹೇಳಿದರೆ ಅವನಿಗೆ ಮಾಡಿದ ಆಣೆ ಮುರಿದಂತೆ. ಮಾಫ್ ಎಂದರೆ ಗಂಡ ದುಡಿದದ್ದೇ ಸುಳ್ಳಾಗುತ್ತದೆ.

*

ಫರಸಿ ಕಲ್ಲಿನ ಗಣಿಯಲ್ಲಿ ಬಿದ್ದು ಸೊಂಟ ಹೋದ ಮೇಲೆ ಹಾಜಿಸಾಬನ ಪಗಾರ ನಿಂತಿತು. ಚಾಂದಬೀ ಖಾನಾವಳಿಗೆ ಜೋಳದ ರೊಟ್ಟಿ ಬಡಿದು ಕೊಟ್ಟು ಬಾಡಿಗೆ, ಕಿರಾಣಿ, ಅವನ ಔಷಧಿ ಎಲ್ಲ ತೂಗಿಸಿದಳು. ಎರಡು ವರ್ಷಕ್ಕೆ ಅವಳ ಮಣಿಕಟ್ಟು ಬಾತು, ರೊಟ್ಟಿ ಹರಿಯತೊಡಗಿದವು. ಬೇರೆಯವರನ್ನು ನೋಡಿಕೊಳ್ಳುತ್ತೇನೆಂದ ಖಾನಾವಳಿಯವನು. ಮರುದಿನ ಬೆಳಗಾಗುವ ಮುಂಚೆ ಹಾಜಿಸಾಬ ಅಡುಗೆಮನೆಯ ಕದ ಹಾಕಿಕೊಂಡ.

“ಸರಿ ಆಕಡಿ, ನಾ ಬಡೀತೀನಿ.”

“ಗಂಡಸಾಗಿ ರೊಟ್ಟಿ ಬಡೀತೀರಿ?”

“ಯಾರಿಗೂ ಹೇಳಬ್ಯಾಡ, ನನ್ನ ಮ್ಯಾಲ ಆಣಿ ಮಾಡು. ಆದ್ರ ನನ್ನ ಕೂಲಿ ನಿನ್ನ ಮೆಹರಿನ ಲೆಕ್ಕಕ್ಕ ಹಚ್ಚು. ಪುಗಸಟ್ಟೆ ಉಣ್ಣಾಂವ ಅಲ್ಲ ನಾ.”

ಮೊದಲ ದಿನದ ರೊಟ್ಟಿಗಳ ಸೊಟ್ಟ ಅವತಾರ ನೋಡಿ ಇಬ್ಬರೂ ಬಾಯಿ ಮುಚ್ಚಿಕೊಂಡು ನಕ್ಕಿದ್ದರು. ವರ್ಷ ತುಂಬುವಷ್ಟರಲ್ಲಿ ಆಶಾಬಿಯೇ ಮನೆಗೆ ಒಯ್ದು ತಿಂದು, “ಚಾಂದಬೀ ಕೈ ಅಂದ್ರ ಕೈ!” ಎಂದು ಓಣಿಗೆಲ್ಲ ಸಾರಿದಳು.

*

“ಭಾಬಿ, ಭಾಳ ಹೊತ್ತಾಗಾಕತ್ತದ್ರಿ,” ಹೆಣಕ್ಕೆ ಸ್ನಾನ ಮಾಡಿಸಿದ್ದ ಅಬ್ದುಲ್ ಮಜೀದ ಹೊರಗಿನಿಂದ ಕೂಗಿದ.

“ಹ್ಯಾಂಗ ಕೊಟ್ಟ ಹೇಳು, ಇಲ್ಲಾಂದ್ರ ಮಾಫ್ ಅನ್ನು!” ಆಶಾಬಿ ಪಟ್ಟು ಬಿಡಲಿಲ್ಲ.

ಚಾಂದಬೀಗೆ ಸಿಟ್ಟು ನೆತ್ತಿಗೇರಿತು. ಬದುಕಿದ್ದಾಗ ಕುಂತು ಉಣ್ಣಾಂವ ಅನ್ನಿಸಿಕೊಂಡದ್ದು ಸಾಲದೆ?

“ನಾಲ್ಕು ವರ್ಷ ನೀ ಉಂಡಿದ್ದು ನನ್ನ ಕೈ ರೊಟ್ಟಿ ಅಲ್ಲ ಅಕ್ಕಾ. ನಿನ್ನ ತಮ್ಮ ಬಡದಿದ್ದು. ಆ ಕೂಲಿನೇ ನನ್ನ ಮೆಹರು.”

ಯಾರೋ ಕಿಸಕ್ಕನೆ ನಕ್ಕರು. ಪಾಪ, ತಲೆ ಕೆಟ್ಟಿದೆ ಎಂದರು ಇನ್ಯಾರೋ.

“ಖರೆ ಇರಬೇಕ್ರಿ,” ಎಂದ ಬಾಗಿಲ ಆಚೆಯ ಮಜೀದ. “ಅವನ ಕೈ ತೊಳೀವಾಗ ನೋಡೀನಿ. ಬೆರಳ ತುದಿ ಎಲ್ಲಾ ಸುಟ್ಟು ಕರ್ರಗಾಗ್ಯಾವ. ಉಗುರ ಸಂದ್ಯಾಗ ಹಿಟ್ಟು, ಎಷ್ಟು ತಿಕ್ಕಿದ್ರೂ ಹೋಗಲಿಲ್ಲ.”

ಆಶಾಬಿಯ ಕೈ ಚಾಂದಬೀಯ ಭುಜದಿಂದ ಜಾರಿತು. ಮತ್ತೆ ಯಾರೂ ಮಾಫ್ ಎನ್ನು ಎನ್ನಲಿಲ್ಲ. ಗಂಡಸರು ಒಳಗೆ ಬಂದು ಹಾಜಿಸಾಬನನ್ನು ಎತ್ತಿಕೊಂಡು ಹೋದರು.

ಅಳು ತಗ್ಗಿದ ಮೇಲೆ ಆಶಾಬಿ ನೀರಿಗೆಂದು ಎದ್ದು, ಮುಂಜಾನೆಯಿಂದ ಮುಚ್ಚಿದ್ದ ಅಡುಗೆಮನೆಯ ಕದ ತೆರೆದಳು. ಒಲೆಯ ಬದಿಯ ಹಲಗೆಯ ಮೇಲೆ ಅರ್ಧ ಬಡಿದ ರೊಟ್ಟಿಯೊಂದು ಒಣಗಿ ಬಿರಿದಿತ್ತು. ಅದರ ಮೇಲೆ ಬೆರಳ ಗುರುತುಗಳು ಹಾಗೇ ಇದ್ದವು. ಆಶಾಬಿ ಕುಕ್ಕರಗಾಲಲ್ಲಿ ಕೂತು ತನ್ನ ಬೆರಳುಗಳನ್ನು ಅವುಗಳ ಮೇಲಿಟ್ಟು ನೋಡಿದಳು. ಪ್ರತಿ ಬೆರಳಿನ ಎರಡೂ ಕಡೆ ಗುರುತಿನಲ್ಲಿ ಜಾಗ ಉಳಿಯಿತು.