ನೂರಹನ್ನೆರಡು ಮಕ್ಕಳ ನಿನಾಂಗ್

"ನಿನಾಂಗ್, ನಿಜವಾಗ್ಲೂ ನನ್ನ ಗುರುತು ಸಿಗ್ಲಿಲ್ವಾ?"

ಫೋನಿನ ಆ ಕಡೆಯ ಗಂಡುದನಿಯಲ್ಲಿ ಎಷ್ಟು ನೋವಿತ್ತೆಂದರೆ ಪಸಿತಾಗೆ ಮೈಯೆಲ್ಲ ಹಿಡಿಯಾಯಿತು. ಬೆಳ್ಳುಳ್ಳಿ ಹಾಕಿ ಅನ್ನ ಹುರಿಯುತ್ತಿದ್ದವಳು ಒಲೆ ಆರಿಸಿ, ಕೈಯನ್ನು ಅಂಗಿಗೇ ಒರೆಸಿಕೊಂಡು, ಅಡುಗೆಮನೆಯ ಬೆಂಚಿನ ಮೇಲೆ ಕುಳಿತಳು. ಯಾರಿರಬಹುದು ಇವನು? ಕಡಲದಂಡೆಯ ಓಣಿಯವನೋ, ಚರ್ಚಿನ ಹಿಂದಿನ ಓಣಿಯವನೋ?

"ದನಿ ಒಂಚೂರು ಬದಲಾಗಿದೆಯಪ್ಪ, ಅದಕ್ಕೇ..."

"ಹೋಗ್ಲಿ ಬಿಡಿ ನಿನಾಂಗ್. ಅಷ್ಟು ಜನ ಮಕ್ಕಳಲ್ಲಿ ನಾನೊಬ್ಬ ಎಲ್ಲಿ ನೆನಪಿರ್ತೀನಿ? ಅಮ್ಮ ಮಾತ್ರ ಸಾಯೋ ತನಕ ನಿಮ್ಮನ್ನ ನೆನೀತಾನೇ ಇದ್ಲು."

ಸತ್ತವಳ ಹೆಸರೇನಪ್ಪ ಎಂದು ಕೇಳಲು ಬಾಯಾದರೂ ಹೇಗೆ ಬಂದೀತು! ಪಸಿತಾ ಮೂವತ್ತಾರು ವರ್ಷ ಆ ಊರಿನ ಸರ್ಕಾರಿ ಸೂಲಗಿತ್ತಿಯಾಗಿದ್ದವಳು. ಹೆರಿಗೆ ಮಾಡಿಸಿದವಳೇ ಮಗುವಿನ ನಿನಾಂಗ್, ಅಂದರೆ ಧರ್ಮದ ತಾಯಿ ಆಗಲಿ, ಜ್ಞಾನಸ್ನಾನದ ದಿನ ಚರ್ಚಿನಲ್ಲಿ ಅವಳೇ ಎತ್ತಿ ಹಿಡಿಯಲಿ ಎಂದು ಬಡವರೆಲ್ಲ ಕೇಳುತ್ತಿದ್ದರು. ಹಾಗೆ ಕೇಳಿದಾಗ ಒಲ್ಲೆ ಅಂದರೆ ಮಗುವಿಗೆ ಆಗಿಬರುವುದಿಲ್ಲ ಎಂಬ ಮಾತಿದೆ. ಪಸಿತಾ ಒಬ್ಬರಿಗೂ ಒಲ್ಲೆ ಅಂದವಳಲ್ಲ. ತನ್ನ ಹೊಟ್ಟೆಯಲ್ಲಿ ಒಂದೂ ಹುಟ್ಟಲಿಲ್ಲ, ಎತ್ತಿ ಹಿಡಿದದ್ದು ಮಾತ್ರ ನೂರಹನ್ನೆರಡು. ಕ್ರಿಸ್ಮಸ್ಸಿನ ಬೆಳಿಗ್ಗೆ ಅವಳ ಕೈಯನ್ನು ಹಣೆಗೆ ಒತ್ತಿಕೊಂಡು ಆಶೀರ್ವಾದ ಪಡೆಯಲು ಬಾಗಿಲಿಂದ ಬೀದಿಯವರೆಗೆ ಸಾಲು ನಿಲ್ಲುತ್ತಿತ್ತು. ಒಬ್ಬೊಬ್ಬರ ಹೆಸರೂ, ಹುಟ್ಟಿದ ಗಳಿಗೆಯೂ ಅವಳ ನಾಲಿಗೆಯ ತುದಿಯಲ್ಲಿರುತ್ತಿತ್ತು. ಈಚೀಚೆಗೆ ಹೆಸರುಗಳು ಜಾರತೊಡಗಿದ್ದವು. ಅದನ್ನು ಅವಳು ಯಾರೆದುರೂ, ಗಂಡನೆದುರೂ ಬಾಯಿ ಬಿಟ್ಟಿರಲಿಲ್ಲ.

"ಥೂ, ಮರೆಯೋದುಂಟೇನೋ ನಿನ್ನ!" ಎಂದು ನಕ್ಕಳು. "ಏನ್ ಮಾಡ್ಕೊಂಡಿದೀಯ ಈಗ?"

"ಮನಿಲಾದಲ್ಲಿ ಕ್ರೆಡಿಟ್ ಕಾರ್ಡಿನ ಕಂಪನಿ, ನಿನಾಂಗ್. ಈ ತಿಂಗಳು ಇನ್ನೊಬ್ಬರನ್ನ ಸೇರಿಸ್ಲಿಲ್ಲ ಅಂದ್ರೆ ಕೆಲಸದಿಂದ ತೆಗೀತಾರೆ. ಪಟ್ಟಿಯಲ್ಲಿ ನಿಮ್ಮ ಹೆಸರು ನೋಡಿ ಕಣ್ಣಲ್ಲಿ ನೀರೇ ಬಂತು. ನಿಮ್ಮ ಕಾರ್ಡಿಗೆ ವರ್ಷದ ಫೀಸು ಇನ್ಮೇಲೆ ಇರಲ್ಲ. ಸಾಲದ ಮಿತೀನೂ ಎರಡರಷ್ಟಾಗುತ್ತೆ. ಇವತ್ತು ಮಧ್ಯಾಹ್ನದವರೆಗೆ ಮಾತ್ರ."

ಎರಡರಷ್ಟು ಅಂದದ್ದು ಅವಳ ಕಿವಿಯಲ್ಲಿ ನಿಂತಿತು. ಗುರುವಾರ ಲುಸೆನಾದ ಆಸ್ಪತ್ರೆಯಲ್ಲಿ ಗಂಡ ಅಂಬ್ರೋನ ಎದೆಯ ರಕ್ತನಾಳಕ್ಕೆ ಸ್ಟೆಂಟು ಹಾಕುವುದಿತ್ತು. ಮುಂಗಡವಾಗಿ ಅರವತ್ತು ಸಾವಿರ ಪೆಸೋ ಕಟ್ಟದಿದ್ದರೆ ಹಾಸಿಗೆ ಇನ್ನೊಬ್ಬರಿಗೆ ಹೋಗುತ್ತದೆ, ಮತ್ತೆ ಸರದಿ ಬರಲು ಎರಡು ತಿಂಗಳು. ಅಷ್ಟು ದಿನ ಕಾಯುವ ಎದೆ ಅದಲ್ಲ ಎಂದು ಡಾಕ್ಟರು ಅವಳನ್ನು ಹೊರಗೆ ಕರೆದು ಹೇಳಿದ್ದರು. ಅವನಿಗೆ ಗಾಬರಿಯಾಗುವಂಥದ್ದೇನೂ ಹೇಳಬೇಡಿ ಅಂತಲೂ ಅಂದಿದ್ದರು. ಆ ಅರವತ್ತು ಸಾವಿರ ಇದ್ದದ್ದು ಈ ಕಾರ್ಡಿನಲ್ಲಿ, ಬೇರೆಲ್ಲೂ ಇರಲಿಲ್ಲ.

ಮುಂದಿನದೆಲ್ಲ ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ನಡೆಯಿತು. ಅವನು ಮೊದಲ ನಾಲ್ಕು ಅಂಕಿ ತಾನೇ ಹೇಳಿ, ಉಳಿದದ್ದು ಸರಿಯಿದೆಯಾ ನೋಡೋಣ ಎಂದ. ಅವಳು ಕನ್ನಡಕ ಹಾಕಿಕೊಂಡು ಓದಿದಳು. ಕಾರ್ಡಿನ ಹಿಂದಿನ ಮೂರು ಅಂಕಿಯನ್ನೂ ಓದಿದಳು. ಫೋನು ಟಣ್ಣೆಂದಿತು. ಆರು ಅಂಕಿಯ ಕೋಡು ಬಂದಿತ್ತು, ಕೆಳಗೆ ಏನೋ ಸಣ್ಣ ಅಕ್ಷರ.

"ಯಾರಿಗೂ ಹೇಳ್ಬೇಡಿ ಅಂತ ಬರೆದಿದೆಯಲ್ಲೋ ಮಗ."

"ಬೇರೆಯವರಿಗೆ ಹೇಳ್ಬಾರ್ದು, ನಿನಾಂಗ್," ಎಂದ ಮೆಲ್ಲಗೆ. "ನಾನು ಬೇರೆಯವನು ಅನ್ಸಿದ್ರೆ ಬೇಡ. ಇಟ್ಬಿಡ್ತೀನಿ."

"ಅಯ್ಯೋ, ಹಂಗಲ್ವೋ! ಬರ್ಕೋ, ಬರ್ಕೋ," ಎಂದು ಅವಳೇ ಅವಸರ ಮಾಡಿ ಆರೂ ಅಂಕಿ ಹೇಳಿದಳು.

"ಆಶೀರ್ವಾದ ಮಾಡಿ, ನಿನಾಂಗ್."

"ದೇವರು ನಿನ್ನ ಚೆನ್ನಾಗಿಟ್ಟಿರ್ಲಿ, ಮಗ."

ಫೋನು ಕಟ್ಟಾಯಿತು. ಎಂಥ ಒಳ್ಳೆಯ ಹುಡುಗ ಎಂದುಕೊಂಡು ಎದ್ದು ಒಲೆ ಹಚ್ಚುವಷ್ಟರಲ್ಲಿ ಇನ್ನೊಂದು ಸಂದೇಶ ಬಂತು. ಐವತ್ತೊಂಬತ್ತು ಸಾವಿರದ ಎಂಟುನೂರು ಪೆಸೋ. ಯಾವುದೋ ಅಂಗಡಿ, ಎಂದೂ ಕೇಳಿರದ ಹೆಸರು.

ಅವಳು ಸಂದೇಶವನ್ನು ಎರಡು ಸಲ ಓದಿದಳು. ಮಿತಿ ಹೆಚ್ಚಿಸಿದ್ದಿರಬೇಕು, ಇವರ ಲೆಕ್ಕವೇ ಹೀಗೇನೋ ಅಂದುಕೊಂಡಳು. ಮೂರನೆಯ ಸಲ ಓದುವಾಗ ಅದು ಕಾರ್ಡಿನಿಂದ ಹೋದ ಹಣವೆಂದು ತಿಳಿಯಿತು. ಆ ನಂಬರಿಗೆ ತಿರುಗಿ ಮಾಡಿದರೆ ಬರಿಯ ಕೂಂ ಕೂಂ ಸದ್ದು. ಅವನ ಹೆಸರನ್ನು ಅವಳು ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ. ಅಯ್ಯೋ ಹುಚ್ಚಿ, ಈ ದೇಶದಲ್ಲಿ ಅರವತ್ತು ದಾಟಿದ ಯಾವ ಹೆಂಗಸಿಗೆ ಫೋನು ಮಾಡಿ ನಿನಾಂಗ್ ಅಂದರೂ ಸುಳ್ಳಾಗುವುದಿಲ್ಲವಲ್ಲ!

"ಯಾರದೇ ಫೋನು?" ಹಿತ್ತಲಿನಿಂದ ಅಂಬ್ರೋ ಕೂಗಿದ. ಗುರುವಾರ ತೊಟ್ಟುಕೊಂಡು ಹೋಗುವ ಅಂಗಿಯನ್ನು ಅವನೇ ಒಗೆದು ಹರವುತ್ತಿದ್ದ.

"ನಮ್ಮ ಮಕ್ಕಳಲ್ಲಿ ಒಬ್ಬಂದು."

"ನೋಡಿದ್ಯಾ? ಹೆತ್ತವರಿಗೂ ಇಷ್ಟು ಫೋನು ಬರಲ್ಲ."

ಪಸಿತಾ ಮಲಗುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಕಾರ್ಡಿನ ಹಿಂದಿದ್ದ ನಂಬರಿಗೆ ಮಾಡಿದಳು. ಇಪ್ಪತ್ತು ನಿಮಿಷ ಸಂಗೀತ ಕೇಳಿಸಿದ ಮೇಲೆ ಒಬ್ಬ ಹೆಣ್ಣುಮಗಳು ಮಾತಾಡಿದಳು. ದನಿಯೇನೋ ಒಳ್ಳೆಯದೇ. ಆದರೆ ಈಗ ಒಳ್ಳೆಯ ದನಿ ಕೇಳಿದರೇ ಪಸಿತಾಗೆ ನಂಬಿಕೆ ಬರುತ್ತಿರಲಿಲ್ಲ.

"ಕೋಡು ನೀವೇ ಹೇಳಿದ್ರಾ, ಮೇಡಂ?"

"ನಾನೇ ಹೇಳ್ದೆ."

"ಯಾರಿಗೆ?"

"ನನ್ನ ಧರ್ಮದ ಮಗನಿಗೆ... ಅಂದ್ಕೊಂಡು."

"ಅವರ ಹೆಸರು?"

"ಕೇಳಲೇ ಇಲ್ಲ," ಎಂದು ಪಸಿತಾ ಒಪ್ಪಿಕೊಂಡಳು. ಆ ಹುಡುಗಿ ನಿಟ್ಟುಸಿರಿಟ್ಟದ್ದು ಕೇಳಿಸಿತು. ಕಾರ್ಡು ನಿಲ್ಲಿಸಿದ್ದೇವೆ, ದೂರು ಬರೆದುಕೊಂಡಿದ್ದೇವೆ, ತನಿಖೆಗೆ ನಲವತ್ತೈದು ದಿನ ಬೇಕು, ಆದರೆ ಕೋಡನ್ನು ನೀವೇ ಹೇಳಿರುವುದರಿಂದ ಹಣ ವಾಪಸು ಬರುವ ಭರವಸೆ ಕೊಡಲಾಗುವುದಿಲ್ಲ ಎಂದಳು.

"ಗುರುವಾರ ಬೇಕಲ್ಲಮ್ಮ ನನಗೆ," ಎಂದಳು ಪಸಿತಾ. "ಗುರುವಾರ."

"ನನಗರ್ಥ ಆಗುತ್ತೆ, ಮೇಡಂ."

ಏನು ಅರ್ಥವಾಗುತ್ತದೆ ಇವಳಿಗೆ, ಮಣ್ಣು! ಮಂಚದ ಅಂಚಿನಲ್ಲಿ ಕುಳಿತು ಪಸಿತಾ ಮುಷ್ಟಿಯನ್ನು ಬಾಯಿಗೆ ಒತ್ತಿಕೊಂಡಳು. ಅವಳು ಹೆದರುವ ಹೆಂಗಸಾಗಿರಲಿಲ್ಲ. ಬಿರುಗಾಳಿಯಲ್ಲಿ ದೋಣಿ ಹತ್ತಿ ಹೋಗಿ ಹೆರಿಗೆ ಮಾಡಿಸಿದವಳು. ಆದರೆ ಅಲ್ಲಿ ಎದುರಿಗಿದ್ದದ್ದು ಕಣ್ಣಿಗೆ ಕಾಣುತ್ತಿತ್ತು. ಹಿತ್ತಲಿನಲ್ಲಿ ಅಂಬ್ರೋ ಬಕೆಟ್ಟು ಎತ್ತಿಡುವ ಸದ್ದಾಯಿತು, ಹಿಂದೆಯೇ ಅವನ ಏದುಸಿರು. ಆ ಉಸಿರು ಮತ್ತೆ ನೆಟ್ಟಗಾಗುವವರೆಗೂ ಅವಳು ತನ್ನ ಉಸಿರು ಬಿಗಿಹಿಡಿದಿದ್ದಳು.

ಆಗ ಎಲ್ಮೆರ್ ನೆನಪಾದ. ಇವನ ಹೆಸರು ಜಾರಿರಲಿಲ್ಲ, ಪುಣ್ಯ. ಕಾಲು ಮುಂದಾಗಿ ಹುಟ್ಟಿದ ಕೂಸು. ಮೈ ನೀಲಿಗಟ್ಟಿತ್ತು, ಅವಳೇ ಬಾಯಿಗೆ ಬಾಯಿಟ್ಟು ಉಸಿರು ಊದಿದ್ದಳು. ಈಗ ಅದೇ ಲುಸೆನಾದ ಆಸ್ಪತ್ರೆಯಲ್ಲಿ ಹಣ ಕಟ್ಟಿಸಿಕೊಳ್ಳುವ ಕಡೆ ಅವನು ದೊಡ್ಡ ಗುಮಾಸ್ತ. ಮುಂಗಡಕ್ಕೆ ಒಂದು ತಿಂಗಳು ಗಡುವು ಕೊಡಿಸುವುದು ಅವನ ಕೈಯಲ್ಲಿತ್ತು. ಮೂವತ್ತಾರು ವರ್ಷದಲ್ಲಿ ಅವಳು ಆ ಮಕ್ಕಳಲ್ಲಿ ಯಾರನ್ನೂ ಏನೂ ಬೇಡಿದವಳಲ್ಲ. ಅವನ ತಾಯಿ ಹಿಂದೆಂದೋ ಬರೆದುಕೊಟ್ಟಿದ್ದ ನಂಬರನ್ನು ಹುಡುಕಿ, ಒಂದೊಂದೇ ಅಂಕಿ ಒತ್ತಿದಳು.

"ಹಲೋ?"

"ಎಲ್ಮೆರ್, ನಾನು ಮಗ, ನಿನ್ನ ನಿನಾಂಗ್."

"ಯಾವ ನಿನಾಂಗ್?"

"ಪಸಿತಾ ಕಣೋ. ಒಂದು ಕಷ್ಟಕ್ಕೆ ಸಿಕ್ಕಿಹಾಕ್ಕೊಂಡಿದೀನಿ. ನಿನ್ನಿಂದ ಒಂದು ಉಪಕಾರ ಆಗ್ಬೇಕು. ದುಡ್ಡಿನ ವಿಷಯ..." ದನಿ ನಡುಗಿತು. ಸುಳ್ಳು ಹೇಳುವವಳ ದನಿಯಂತೆ ತನಗೇ ಕೇಳಿಸಿತು.

ಆ ಕಡೆ ಅವನು ನಕ್ಕ. "ದುಡ್ಡಾ? ಬಂತು ನೋಡಿ. ಹೆಸರೂ ಪತ್ತೆ ಮಾಡ್ಕೊಂಡಿದೀರಲ್ಲ, ಭೇಷ್! ಈ ವಾರದಲ್ಲಿ ನೀವು ಮೂರನೇ ನಿನಾಂಗ್."

"ಅಲ್ವೋ ಮಗ, ಕೇಳಿಲ್ಲಿ..."

"ನೀವು ಕೇಳಿ. ನನ್ನ ನಿನಾಂಗ್ ಪಸಿತಾ ಸತ್ರೂ ಒಬ್ರ ಹತ್ರ ಕೈ ಚಾಚೋರಲ್ಲ. ಅಂಥವರ ಹೆಸರು ಎತ್ತೋದಕ್ಕೆ ನಿಮಗೆ ನಾಚಿಕೆ ಆಗ್ಬೇಕು. ವಯಸ್ಸಾದವರ ಥರ ದನಿ ಬೇರೆ! ಇನ್ನೊಂದು ಸಲ ಮಾಡಿದ್ರೆ ಪೊಲೀಸ್‌ಗೆ ಕೊಡ್ತೀನಿ."

"ನೀನು ಹುಟ್ಟಿದಾಗ ಕಾಲು..." ಎನ್ನುವಷ್ಟರಲ್ಲಿ ಅವನು ಇಟ್ಟಿದ್ದ. ಮತ್ತೆ ಮಾಡಿದಳು, ಹೋಗಲಿಲ್ಲ. ಅವಳ ನಂಬರನ್ನು ಅವನು ಬ್ಲಾಕ್ ಮಾಡಿಬಿಟ್ಟಿದ್ದ.

ಲುಸೆನಾಕ್ಕೆ ಬಸ್ಸಿನಲ್ಲಿ ಮೂರು ತಾಸು. ಹೋಗಿ ಮುಖ ತೋರಿಸಬಹುದು. ಆದರೆ ಈ ಗಂಡನನ್ನು ಒಬ್ಬನನ್ನೇ ಬಿಟ್ಟು ಹೇಗೆ ಹೋಗುವುದು, ಎಲ್ಲಿಗೆ ಎಂದು ಕೇಳಿದರೆ ಏನು ಹೇಳುವುದು? ಯೋಚನೆ ಅಲ್ಲಿಗೇ ಬಂದು ಅಲ್ಲಿಗೇ ನಿಲ್ಲುತ್ತಿತ್ತು.

ಬಾಗಿಲು ತೆರೆಯಿತು. ಅಂಬ್ರೋ ಮುಖಕ್ಕೆ ಸೋಪು ಹಚ್ಚಿಕೊಂಡು ಕ್ಷೌರದ ಕತ್ತಿ ಹಿಡಿದು ನಿಂತಿದ್ದ. ಅರ್ಧ ಕೆನ್ನೆ ಬೋಳಾಗಿತ್ತು.

"ಎಲ್ಮೆರ್ ಅಂದದ್ದು ಕೇಳಿಸ್ತು. ಏನಂದ?"

"ಏನಿಲ್ಲ. ಕೆಲಸದಲ್ಲಿದ್ದ."

"ಗುರುವಾರ ಬರ್ತೀವಿ ಅಂತ ಹೇಳಿದ್ಯಾ?"

"ಹೂಂ."

"ನಿನ್ನ ಮಕ್ಕಳು ಇರೋವಾಗ ನನಗೇನೇ ಭಯ." ಅವನು ಮಂಚದ ಮೇಲೆ ಅವಳ ಪಕ್ಕದಲ್ಲಿ ಕುಳಿತು ಕತ್ತಿಯನ್ನು ಅವಳ ಕೈಗೆ ಕೊಟ್ಟ. "ಗಂಟಲ ಹತ್ರ ನನಗೆ ಕಾಣ್ಸಲ್ಲ. ನೀನೇ ಮಾಡು. ಆಸ್ಪತ್ರೆಯವರೆದುರು ಕಾಡುಮನುಷ್ಯನ ಹಾಗೆ ಹೋಗೋದು ಬೇಡ."

ಪಸಿತಾ ಎಡಗೈಯಿಂದ ಅವನ ಗಲ್ಲ ಹಿಡಿದಳು. ಬಲಗೈ ನಡುಗುತ್ತಿತ್ತು. ಅದು ನಿಲ್ಲಲಿ ಎಂದು ಕಾದಳು. ಅಂಬ್ರೋ ಕತ್ತು ಮೇಲೆತ್ತಿ, ಕಣ್ಣು ಮುಚ್ಚಿ ಕುಳಿತೇ ಇದ್ದ.