ಮುನ್ನೂರ ತೊಂಬತ್ತು ಕಿಲೋ ಹೊಟ್ಟೆಕಿಚ್ಚು

ಎಡಕ್ಕೆ ವಾಲಿಬಿಟ್ಟಿದ್ದೆ. ಚನ್ನವೀರನ ಎಡಗಾಲು ನೆಲವನ್ನು ಹುಡುಕುತ್ತಿತ್ತು. ಸಿಗಬೇಕಾದ ಜಾಗದಲ್ಲಿ ನೆಲವಿರಲಿಲ್ಲ, ಮಳೆನೀರು ಹರಿದುಹೋಗಲೆಂದು ಮಾಡಿದ ಇಳಿಜಾರಿತ್ತು. ಗಾಬರಿಯಲ್ಲಿ ಅವನು ಮುಂದಿನ ಬ್ರೇಕ್ ಅದುಮಿದ. ನಡಿಗೆಯಷ್ಟೂ ವೇಗವಿಲ್ಲದಾಗ, ಹ್ಯಾಂಡಲ್ ಪೂರ್ತಿ ತಿರುಗಿರುವಾಗ, ಮುಂದಿನ ಬ್ರೇಕ್ ಹಿಡಿದರೆ ನನ್ನಂಥ ಗಾಡಿ ನಿಲ್ಲುವುದಿಲ್ಲ, ಮಲಗುತ್ತದೆ. ನಾನು ಮಲಗಿದೆ. ಹೆದ್ದಾರಿಯ ಖಾನಾವಳಿಯೊಂದರ ಮುಂದೆ, ಬೆಳಗಿನ ಒಂಬತ್ತು ಗಂಟೆಗೆ, ಹನ್ನೊಂದು ದೊಡ್ಡ ಮೋಟಾರ್ ಸೈಕಲ್ಲುಗಳೂ ಅವುಗಳ ಯಜಮಾನರೂ ನೋಡುತ್ತಿದ್ದಂತೆ.

"ಯಾರೂ ಮುಟ್ಟಬ್ಯಾಡ್ರಿ!" ಎಂದು ಕೈ ಎತ್ತಿದವರು ಹಲ್ಲಿನ ಡಾಕ್ಟರ್ ಇನಾಮದಾರ, ಆ ಗುಂಪಿನ ಹಿರಿಯರು.

ತಿಂಗಳ ಮೊದಲ ಭಾನುವಾರ ಹುಬ್ಬಳ್ಳಿಯಿಂದ ಒಟ್ಟಾಗಿ ಹೊರಡುವ ಈ ಹನ್ನೆರಡು ಜನ ಒಂದು ಕಟ್ಟಳೆ ಮಾಡಿಕೊಂಡಿದ್ದರು. ಗಾಡಿ ಬೀಳಿಸುವುದು ತಪ್ಪಲ್ಲ, ಎತ್ತಲಾಗದ ಗಾಡಿಯನ್ನು ಇಟ್ಟುಕೊಳ್ಳುವುದು ತಪ್ಪು. ಆದ್ದರಿಂದ ಬೀಳಿಸಿದವನೇ ಎತ್ತಬೇಕು. ಬೇರೆಯವರು ಒಬ್ಬರೇ ಎತ್ತಿದರೆ, ಮುಂದಿನ ತಿಂಗಳು ಅವರು ಅದೇ ಗಾಡಿಯ ಮೇಲೆ ಸಾಲಿನ ಮುಂದೆ ಹೋಗಬೇಕು. ಯಜಮಾನ ಮತ್ತೊಬ್ಬರ ಬೆನ್ನಿಗೆ ಕೂತು ಕೊನೆಯಲ್ಲಿ ಬರಬೇಕು.

ಚನ್ನವೀರ ನನಗೆ ಎದುರಾಗಿ ನಿಂತು ಹ್ಯಾಂಡಲ್ ಹಿಡಿದು ಜಗ್ಗಿದ. ಇನ್ನೊಮ್ಮೆ ಜಗ್ಗಿದ. ಅವನ ಕುತ್ತಿಗೆಯ ನರ ಉಬ್ಬಿತು, ನಾನು ಒಂದು ಗೇಣೂ ಏಳಲಿಲ್ಲ.

"ಚನ್ನ್ಯಾ, ಟ್ರ್ಯಾಕ್ಟರ್ ಕರಸೂಣೇನೋ? ಹೆಂಗೂ ನಿಂದ ಅದರ ಬಿಡಿಭಾಗದ ಅಂಗಡಿ ಐತಿ," ಎಂದರು ಇನಾಮದಾರರು.

"ಸರೀರಿ ಸ್ವಲ್ಪ," ಎಂದಳು ಹಿಂದಿನ ಸೀಟಿನಿಂದ ಜಿಗಿದು ಪಾರಾಗಿದ್ದ ಅವನ ಹೆಂಡತಿ ಕಸ್ತೂರಿ. ಚೂಡಿದಾರದ ಧೂಳು ಕೊಡವಿಕೊಂಡು ಬಂದು, ನನ್ನ ಹ್ಯಾಂಡಲ್ಲನ್ನು ಬಿದ್ದ ಕಡೆಗೇ ಪೂರ್ತಿ ತಿರುಗಿಸಿದಳು. ಆಮೇಲೆ ನನಗೆ ಬೆನ್ನು ಮಾಡಿ, ಸೀಟಿನ ಅಂಚಿಗೆ ಸೊಂಟ ಆನಿಸಿ ಕುಕ್ಕರಿಸಿದಳು. ಒಂದು ಕೈ ಹ್ಯಾಂಡಲ್ಲಿಗೆ, ಇನ್ನೊಂದು ಹಿಂದಿನ ಸರಳಿಗೆ. ಕೈಯಿಂದ ಎತ್ತಲೇ ಇಲ್ಲ. ಬೆನ್ನಿನಿಂದ ಒತ್ತುತ್ತ, ಕಾಲಿನಿಂದ ಹಿಂದಕ್ಕೆ ಪುಟ್ಟ ಪುಟ್ಟ ಹೆಜ್ಜೆ ಇಟ್ಟಳು. ಎಂಟೋ ಒಂಬತ್ತೋ ಹೆಜ್ಜೆ. ನಾನು ಎದ್ದು ನಿಂತಿದ್ದೆ.

ಒಳಗಿನಿಂದ ಬಡಿಸುವವನೊಬ್ಬ, "ಝುಣಕ-ರೊಟ್ಟಿ ಆರಾಕತ್ತೈತ್ರೀ," ಎಂದ.

ನಾನು ದೂರದ ಹಾದಿಗಳಿಗೆಂದೇ ಮಾಡಿದ ಜಾತಿಯ ಮೋಟಾರ್ ಸೈಕಲ್. ಆರು ಸಿಲಿಂಡರ್, ಹಿಂದೆ ಕೂರುವವರಿಗೆ ಆರಾಮಕುರ್ಚಿಯಂಥ ಸೀಟು, ಎರಡು ಮಗ್ಗುಲಿಗೂ ಪೆಟ್ಟಿಗೆ. ಹಿಂದಕ್ಕೆ ಸರಿಯಲೆಂದು ಒಂದು ಪುಟ್ಟ ಮೋಟಾರು ಕೂಡ ಇದೆ, ಏಕೆಂದರೆ ನನ್ನನ್ನು ಕಾಲಿನಿಂದ ಹಿಂದಕ್ಕೆ ತಳ್ಳುವುದು ಎಲ್ಲರ ಕೆಲಸವಲ್ಲ. ಸಮುದ್ರದಾಚೆ, ನೆರಳೇ ಬೀಳದಂಥ ಬೆಳಕಿನ ಕಟ್ಟಡದಲ್ಲಿ ಹುಟ್ಟಿದೆ. ಬಿಳಿ ಕೈಗವಸಿನ ಒಬ್ಬಾತ ನನ್ನ ಹೊಟ್ಟೆಗೆ ಕಿವಿಯಿಟ್ಟು ಕೇಳಿ ತಲೆಯಾಡಿಸಿದ. ಅಷ್ಟು ಗಮನವಿಟ್ಟು ನನ್ನನ್ನು ಮತ್ತೆ ಯಾರೂ ಕೇಳಲಿಲ್ಲ. ಹಲಗೆಪೆಟ್ಟಿಗೆಯಲ್ಲಿ ಬೆಂಗಳೂರಿಗೆ ಬಂದೆ. ಮೊದಲ ಯಜಮಾನ ಕಟ್ಟಡದ ಗುತ್ತಿಗೆದಾರ. ನನ್ನನ್ನು ಗಾಜಿನ ಕೋಣೆಯಲ್ಲಿ ನಿಲ್ಲಿಸಿ, ಮನೆಗೆ ಬಂದವರಿಗೆಲ್ಲ ತೋರಿಸಿದ. ಮೂರು ವರ್ಷ ನನ್ನ ಪಕ್ಕ ನಿಂತು ಫೋಟೋ ತೆಗೆಸಿಕೊಂಡವರು, ನನ್ನ ಮೇಲೆ ಕೂತವರಿಗಿಂತ ಹೆಚ್ಚು.

ನಂತರ ಲಾರಿಯಲ್ಲಿ ಹುಬ್ಬಳ್ಳಿಗೆ, ಚನ್ನವೀರ ಕೊಪ್ಪದನ ಮನೆಗೆ. ಯಾರಾದರೂ ನನ್ನ ಹೆಸರು ಕೇಳಿದರೆ ಅವನು ತೂಕ ಹೇಳುತ್ತಿದ್ದ. "ಮುನ್ನೂರ ತೊಂಬತ್ತು ಕಿಲೋ!" ಅದೇ ನನ್ನ ಹೆಸರಾಯಿತು. ನಾನು ಬಂದ ದಿನವೇ ಮೆಕ್ಯಾನಿಕ್ ದಾವಲಸಾಬ, "ಬಿದ್ದರ ಹೆಂಗ ಎತ್ತೂದು ತೋರಸ್ತೀನಿ ಬರ್ರಿ ಸಾವಕಾರ," ಎಂದು ನನ್ನನ್ನು ಚಾಪೆಯ ಮೇಲೆ ಮೆಲ್ಲಗೆ ಮಲಗಿಸಿ, ಬೆನ್ನು ಕೊಟ್ಟು ಎತ್ತಿ ತೋರಿಸಿದ್ದ. ಚನ್ನವೀರ, "ಬೀಳ್ಸಿದರಲ್ಲೇನು ಎತ್ತೂದು?" ಎಂದು ಫೋನಿನಲ್ಲಿ ಮುಳುಗಿದ್ದ. ಅಂಗಳದ ಬದಿಯ ಕೋಣೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಕಸ್ತೂರಿ ಕೈ ನಿಲ್ಲಿಸಿ ನೋಡಿದ್ದಳು.

ಆ ಅಂಗಳದಲ್ಲಿಯೇ ಗುಬ್ಬಿ ಇತ್ತು.

ಗುಬ್ಬಿ ಒಂದು ಮೊಪೆಡ್. ಪೆಡಲ್ಲಿನ ಮೊಪೆಡ್. ಐವತ್ತು ಕಿಲೋ ಕೂಡ ತೂಗಲಾರದು. ಹೊಗೆ ಕಾರುತ್ತ, ಕೆಮ್ಮುತ್ತ, ಇದ್ದ ಒಂದೇ ಕಣ್ಣೂ ಕುರುಡಾಗಿ, ಸೀಟಿನ ಹರಿದ ಜಾಗಕ್ಕೆ ಹಳೆಯ ಸೀರೆಯ ತುಂಡು ಸುತ್ತಿಕೊಂಡು ನಿಂತಿರುತ್ತಿತ್ತು. ಕಸ್ತೂರಿ ತನ್ನ ಮೊದಲ ವರ್ಷದ ರೊಟ್ಟಿ ವ್ಯಾಪಾರದ ದುಡ್ಡಿನಲ್ಲಿ ಕೊಂಡದ್ದು. ಬೆಳಗ್ಗೆ ಖಡಕ್ ರೊಟ್ಟಿಯ ಡಬ್ಬಿಗಳನ್ನು ಅದಕ್ಕೆ ಕಟ್ಟಿ, "ನಡಿ ಗುಬ್ಬಿ, ನಡಿ ನಮ್ಮವ್ವ," ಎನ್ನುತ್ತ ಹೊರಡುತ್ತಿದ್ದಳು. ಅದು ಎರಡು ಸಲ ಸೀನಿ ಹೊರಡುತ್ತಿತ್ತು. ಹೊರಡದಿದ್ದರೆ ಆಕೆ ನಗುತ್ತಿದ್ದಳು! ನನ್ನ ಎಂಜಿನ್ನು ಒಂದು ಗುಂಡಿಗೆ ಎಚ್ಚರವಾಗುತ್ತದೆ. ಅದಕ್ಕೆ ಯಾರೂ ಎಂದೂ ನಕ್ಕಿಲ್ಲ.

ಆರು ಸಿಲಿಂಡರಿನ ನನಗೆ ಅರ್ಧ ಸಿಲಿಂಡರಿನಂಥ ಪ್ರಾಣಿಯ ಮೇಲೆ ಹೊಟ್ಟೆಕಿಚ್ಚು. ಹೇಳಿಕೊಳ್ಳಲು ನಾಚಿಕೆ. ಆದರೆ ಈಗ ಹತ್ತಿಯ ಗೋದಾಮೊಂದರ ಮೂಲೆಯಲ್ಲಿ, ತಾಡಪತ್ರಿಯ ಅಡಿಯಲ್ಲಿ, ಗಾಳಿಯಿಳಿದ ಚಕ್ರಗಳ ಮೇಲೆ ನಿಂತಿದ್ದೇನೆ. ಇಲ್ಲಿ ನಾಚಿಕೆಗೆ ಗಿರಾಕಿಗಳಿಲ್ಲ.

ಖಾನಾವಳಿಯಿಂದ ಮರಳಿದ ಸಂಜೆ ಚನ್ನವೀರ ಹೆಂಡತಿಗೆ ಹೇಳಿದ: "ಆಟ ಸಾಕು. ಡಾಕ್ಟರಿಗೆ ಫೋನ್ ಮಾಡಿ ಬ್ಯಾಡ ಅಂತೀನಿ. ನಿನಗ ಕಾಲ ನೆಲಕ್ಕ ಹತ್ತಂಗಿಲ್ಲ."

"ನಿಮ್ಮ ಕಾಲು ಹತ್ತತಾವಲ್ಲ, ಏನಾತು?" ಎಂದಳು ಕಸ್ತೂರಿ. "ಕಟ್ಟಳೆ ಅಂದ್ರ ಕಟ್ಟಳೆ. ಒಂದು ತಿಂಗಳು ಐತಿ, ಕಲೀತೀನಿ."

ಆ ತಿಂಗಳು ನನ್ನ ಬಾಳಿನ ತಿಂಗಳು. ಇದೇ ಗೋದಾಮಿನ ಮುಂದಿನ ಬಯಲಲ್ಲಿ ದಾವಲಸಾಬ ಸುಣ್ಣದ ಪುಡಿಯಿಂದ ಎಂಟರ ಅಂಕಿ ಬರೆಯುತ್ತಿದ್ದ. ಅದರ ಮೇಲೆ ನಡಿಗೆಯ ವೇಗದಲ್ಲಿ ನನ್ನನ್ನು ತಿರುಗಿಸಬೇಕು. ನನ್ನನ್ನು ಓಡಿಸುವುದು ಸುಲಭ. ಓಡುವಾಗ ನನ್ನ ತೂಕ ಎಲ್ಲಿಗೋ ಹೋಗಿಬಿಡುತ್ತದೆ. ನಿಧಾನಿಸಿದಾಗ ಅಷ್ಟೂ ವಾಪಸು ಬರುತ್ತದೆ.

"ಕ್ಲಚ್ ಪೂರ್ತಿ ಬಿಡಬ್ಯಾಡ್ರಿ ಅಕ್ಕಾರ, ಪೂರ್ತಿ ಹಿಡೀನೂ ಬ್ಯಾಡ್ರಿ. ನಡುವ ಇಡ್ರಿ. ಹಿಂದಿನ ಬ್ರೇಕ್ ಮ್ಯಾಲೆ ಪಾದ ಸುಮ್ಮನ ಒರಗಲಿ. ಮುಂದಿನದು ಇಲ್ಲ ಅಂತ ತಿಳೀರಿ. ಸುಣ್ಣ ನೋಡಬ್ಯಾಡ್ರೀ! ನೆಲ ನೋಡಿದ್ರ ನೆಲಕ್ಕ ಹೋಗ್ತೀರಿ. ಹೋಗಬೇಕಾದ ಕಡೆ ನೋಡ್ರಿ."

ಮೊದಲ ವಾರ ನನ್ನನ್ನು ಮೂರು ಸಲ ಬೀಳಿಸಿದಳು, ಮೂರು ಸಲವೂ ಎತ್ತಿದಳು. ಎರಡನೆಯ ವಾರ ಕ್ಲಚ್ಚಿನ ಹದ ಅವಳ ಬೆರಳಿಗೆ ತಿಳಿಯಿತು. ದಿನಕ್ಕೆ ಇನ್ನೂರು ರೊಟ್ಟಿ ಬಡಿಯುವ ಬೆರಳು. ಎಷ್ಟು ಒತ್ತಿದರೆ ಹರಿಯುತ್ತದೆ, ಎಷ್ಟು ಒತ್ತಿದರೆ ಹರಡುತ್ತದೆ ಎಂಬುದು ಅದಕ್ಕೆ ಗೊತ್ತಿತ್ತು. ನಿಲ್ಲಿಸುವ ಮುನ್ನವೇ ನೆಲ ಯಾವ ಕಡೆಗೆ ಇಳಿಯುತ್ತದೆ ನೋಡಿಕೊಂಡು, ಎತ್ತರದ ಕಡೆಗೆ ಒಂದೇ ಕಾಲು ಇಳಿಬಿಡುತ್ತಿದ್ದಳು. ಮನೆಯ ಅಂಗಳ ಗೇಟಿನಿಂದ ಒಳಗೆ ಇಳಿಜಾರು. ಅವಳು ನನ್ನನ್ನು ಯಾವಾಗಲೂ ಹಿಮ್ಮುಖವಾಗಿ ಒಳಗೆ ಇಳಿಸಿ, ಮೂತಿ ಮೇಲಕ್ಕಿರುವಂತೆ ನಿಲ್ಲಿಸಿ, ಮೊದಲನೆಯ ಗೇರಿಗೆ ಹಾಕಿಯೇ ಇಳಿಯುತ್ತಿದ್ದಳು.

ಒಬ್ಬರ ಕೈಯಲ್ಲಿ ಹಗುರಾಗುವುದು ಎಂದರೇನೆಂದು ನನಗೆ ಆಗ ತಿಳಿಯಿತು. ಇನ್ನು ಗುಬ್ಬಿಯ ಕಥೆ ಮುಗಿಯಿತು ಎಂದುಕೊಂಡೆ.

ದಾವಲಸಾಬನಿಗೂ ಹಾಗೆಯೇ ಅನ್ನಿಸಿರಬೇಕು. "ಇಂಥಾದ್ದು ನಡಸಿದ ಮ್ಯಾಲೆ ಆ ಸಣ್ಣದರ ಮ್ಯಾಲೆ ಕೂಡೂಕ ಮನಸ್ಸು ಬರ್ತದೇನ್ರಿ ಅಕ್ಕಾರ?" ಎಂದು ಕೇಳಿದ.

ಕಸ್ತೂರಿ ಹೆಲ್ಮೆಟ್ ತೆಗೆದು ಬೆವರು ಒರೆಸಿಕೊಂಡಳು. "ಇದು ಹೋಗಿ ಬರ್ತದ, ಅಷ್ಟ. ಗುಬ್ಬಿ ಕೆಲಸಕ್ಕ ಹೋಗ್ತದ."

ಆ ಮಾತು ನನ್ನ ಟ್ಯಾಂಕಿನೊಳಗೆ ಬಿದ್ದ ಮರಳಿನ ಹಾಗೆ ಇದೆ, ಇವತ್ತಿಗೂ.

ಕಿಚ್ಚು ನನಗೊಬ್ಬನಿಗೇ ಇರಲಿಲ್ಲ. ಒಂದೆರಡು ದಿನ ಚನ್ನವೀರ ಗೋದಾಮಿನ ಶಟರಿನ ಮರೆಯಲ್ಲಿ ನಿಂತು ನೋಡಿ ಹೋದ. ಅವಳು ಎಂಟರ ಅಂಕಿಯನ್ನು ಕಾಲಿಳಿಸದೆ ಮುಗಿಸಿದ ದಿನ, ಅವನು ಮೆಲ್ಲಗೆ ಚಪ್ಪಾಳೆಗೆಂದು ಕೈ ಎತ್ತಿ, ಮೀಸೆ ತಿರುವಿಕೊಂಡ.

ಮೊದಲ ಭಾನುವಾರ ಬಂತು. ಹನ್ನೆರಡು ಗಾಡಿಗಳ ಮುಂದೆ ನಾನು, ನನ್ನ ಮೇಲೆ ಕಸ್ತೂರಿ. ಕೊನೆಯ ಗಾಡಿಯಲ್ಲಿ ದಾವಲಸಾಬನ ಬೆನ್ನಿಗೆ ಚನ್ನವೀರ. ತಿರುವುಗಳಲ್ಲಿ ಅವಳು ಬಾಗುವ ಮೊದಲೇ ನಾನು ಬಾಗುತ್ತಿದ್ದೆನೋ, ನಾನು ಬಾಗುವ ಮೊದಲೇ ಅವಳೋ, ತಿಳಿಯದಾಯಿತು. ಅದೇ ಖಾನಾವಳಿಯ ಮುಂದೆ, ಅದೇ ಇಳಿಜಾರಿನ ಪಕ್ಕದಲ್ಲಿ, ಒಂದೇ ಸುತ್ತಿಗೆ ನನ್ನನ್ನು ಪೂರ್ತಿ ತಿರುಗಿಸಿ ಮೂತಿ ರಸ್ತೆಗಿಟ್ಟು ನಿಲ್ಲಿಸಿದಳು.

"ವೈನಿ, ನಿಮ್ಮ ಮುಂದ ನಾವೆಲ್ಲ ಸೈಕಲ್ ತುಳಿಯೋರು," ಎಂದರು ಇನಾಮದಾರರು. "ಚನ್ನ್ಯಾ, ಹಿಂದ ಕೂತು ಬೆನ್ನು ನೋವು ಬಂತೇನೋ?"

ಚನ್ನವೀರ ನಕ್ಕ. ನಗು ಕಣ್ಣಿನವರೆಗೆ ಹೋಗಲಿಲ್ಲ.

ಮಧ್ಯಾಹ್ನ ಮನೆ ತಲುಪಿದೆವು. ಅವಳು ನನ್ನಿಂದಿಳಿದು, ಒಂದು ಲೋಟ ನೀರು ಕುಡಿದು, ರೊಟ್ಟಿಯ ಡಬ್ಬಿಗಳನ್ನು ಹೊರತಂದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಗುಬ್ಬಿಯ ಹ್ಯಾಂಡಲ್ ತಟ್ಟಿ, "ಕಾಯಿಸಿದೆ ಏನ ನಿನ್ನ? ತಡಾ ಆತು, ನಡಿ," ಎಂದಳು. ಅದು ಸೀನಿತು. ಅವಳು ನಕ್ಕಳು. ಎಂಬತ್ತು ಕಿಲೋಮೀಟರ್ ನನ್ನ ಮೇಲೆ ಕೂತವಳು ಒಂದು ಸಲವೂ ಹಾಗೆ ನಕ್ಕಿರಲಿಲ್ಲ.

ನಾಲ್ಕು ಗಂಟೆಗೆ ಅವಳು ಮರಳಿ, ಗುಬ್ಬಿಯನ್ನು ಅಂಗಳದ ಕೆಳತುದಿಯಲ್ಲಿ, ರೊಟ್ಟಿ ಕೋಣೆಯ ಗೋಡೆಗೆ ನಿಲ್ಲಿಸಿ ಒಳಗೆ ಹೋದಳು. ಆಗ ಚನ್ನವೀರ ಹೊರಬಂದ. ಸುತ್ತ ನೋಡಿದ. ನನ್ನನ್ನು ಹೊರಗೆ ಒಯ್ದು ಬಡಾವಣೆಯ ಖಾಲಿ ಜಾಗದಲ್ಲಿ ತಾನೂ ಎಂಟರ ಅಂಕಿ ತಿರುಗಿಸಲು ನೋಡಿದ. ನಾಲ್ಕು ಸಲ ನೆಲಕ್ಕೆ ಕಾಲು ಕೊಟ್ಟ. ಐದನೆಯ ಸಲ ಬಿಟ್ಟುಬಿಟ್ಟ. ಸಿಟ್ಟಿನಲ್ಲಿ ವಾಪಸು ಬಂದವನು ಹಿಮ್ಮುಖ ಗಿಮ್ಮುಖ ಎನ್ನದೆ ನೆಟ್ಟಗೆ ಒಳನುಗ್ಗಿ, ಮೂತಿ ಇಳಿಜಾರಿಗಿರುವಂತೆ, ಗುಬ್ಬಿಯ ಪಕ್ಕಕ್ಕೇ ನಿಲ್ಲಿಸಿದ. ಗೇರು ನ್ಯೂಟ್ರಲ್‌ನಲ್ಲಿತ್ತು. ಸೈಡ್ ಸ್ಟ್ಯಾಂಡ್ ಹಾಕಿ ಒಳಗೆ ಹೋದ.

ನನ್ನ ಜಾತಿಯ ಗಾಡಿ ಇಳಿಜಾರಿಗೆ ಮುಖ ಮಾಡಿ, ಗೇರಿಲ್ಲದೆ ನಿಂತರೆ, ಮುಂದಕ್ಕೆ ಒಂದು ಗೇಣು ಸರಿದರೂ ಸಾಕು, ಸ್ಟ್ಯಾಂಡ್ ಹಿಂದಕ್ಕೆ ಮಡಚಿಕೊಳ್ಳುತ್ತದೆ. ಸರಿಯಲೇಬೇಕೆಂದೇನೂ ಇರಲಿಲ್ಲ. ಕಾಲು ಗಂಟೆ ನಿಂತೇ ಇದ್ದೆ. ಗಾಳಿ ಇರಲಿಲ್ಲ, ಯಾರೂ ಮುಟ್ಟಲಿಲ್ಲ. ನನ್ನ ಎಡಕ್ಕೆ, ಪೆಟ್ಟಿಗೆಯ ಮಗ್ಗುಲಲ್ಲೇ, ಸೀರೆತುಂಡಿನ ಆ ಸೀಟು. ಅದರ ಮೇಲೆ ಅವಳ ಕೈಯ ಜೋಳದ ಹಿಟ್ಟಿನ ಗುರುತು.

ನಾನು ಸರಿದೆ.

ಸದ್ದು ಕೇಳಿ ಇಬ್ಬರೂ ಓಡಿಬಂದರು. ಫೋನು ಮಾಡಿದ್ದಕ್ಕೆ ದಾವಲಸಾಬನೂ ಬಂದ. ಅವನೂ ಚನ್ನವೀರನೂ ಸೇರಿ ನನ್ನನ್ನು ಗುಬ್ಬಿಯ ಮೇಲಿನಿಂದ ಎತ್ತಿ ನಿಲ್ಲಿಸಿದರು. ನನಗೆ ಒಂದು ಗೀರು, ಅಷ್ಟೆ. ದಾವಲಸಾಬ ಗುಬ್ಬಿಯ ಮುಂದೆ ಕೂತು ಬೆರಳಾಡಿಸಿದ. "ನಡುವಿನ ಪೈಪು ಮುರದೈತ್ರಿ ಅಕ್ಕಾರ. ಎಂಜಿನ್ನಿನ ಕವಚ ಒಡದೈತಿ. ಇದರ ಸಾಮಾನು ಈಗ ಯಾರೂ ಮಾಡಂಗಿಲ್ಲ." ಅವನು ತಲೆಯಾಡಿಸಿದ.

"ನ್ಯೂಟ್ರಲ್‌ನ್ಯಾಗ ನಿಲ್ಲಿಸಿದ್ರೇನು?" ಎಂದು ಕೇಳಿದಳು ಕಸ್ತೂರಿ. ಅವಳು ನೆಲದಲ್ಲಿ ಕೂತು, ಗುಬ್ಬಿಯ ಹ್ಯಾಂಡಲ್ಲಿಗೆ ಅಂಟಿದ ಮಣ್ಣನ್ನು ಉಗುರಿನಿಂದ ಕೆರೆದಳು. ನನಗೆ ಕರುಣೆ ಬರಲಿಲ್ಲ. ಸುಳ್ಳು ಹೇಳುವುದಿಲ್ಲ, ನನ್ನ ಆರೂ ಸಿಲಿಂಡರುಗಳಲ್ಲಿ ಸುಖವಿತ್ತು. ಈ ಅಂಗಳದಲ್ಲಿ ಇನ್ನು ನಾನೊಬ್ಬನೇ.

ಚನ್ನವೀರ ಗೋಡೆಗೆ ಒರಗಿ ನಿಂತಿದ್ದ. ಅವನ ಮುಖದಲ್ಲಿ ಬೆಳಗಿನ ಕಿಚ್ಚು ಇರಲಿಲ್ಲ. ಅದು ಎಲ್ಲಿ ಇಳಿದುಹೋಯಿತೋ. ಮೆಲ್ಲಗೆ ಬಂದು ಅವಳ ಪಕ್ಕ ಕುಕ್ಕರಿಸಿದ.

"ತಪ್ಪು ನಂದ, ಕಸ್ತೂರಿ. ನಾ ಬುದ್ಧಿಯಿಲ್ಲದವ," ಎಂದ. "ಇವತ್ತ ನೋಡಿದೆ, ಇದು ನನ್ನ ಕೈಯಾಗ ಬಾಳೂ ಗಾಡಿ ಅಲ್ಲ. ನಿಂದ ಇದು. ನಾಳೆನ ನಿನ್ನ ಹೆಸರಿಗೆ ಮಾಡಸ್ತೀನಿ. ನೀ ನಡಸು, ನಾ ಹಿಂದ ಕೂಡ್ತೀನಿ. ಎಲ್ಲಾರ ಮುಂದ ಕೂಡ್ತೀನಿ. ರೊಟ್ಟಿ ಡಬ್ಬಿನೂ ಇದರ ಪೆಟ್ಟಿಗ್ಯಾಗ ಹಿಡೀತಾವು."

ದಾವಲಸಾಬ ಅವನ ಮುಖವನ್ನೇ ನೋಡಿದ. ನಾನು ಹುಟ್ಟಿದಾಗಿನಿಂದ ಕಾದಿದ್ದ ಮಾತು ಅದು. ಎಂಜಿನ್ನು ನಿಂತಿದ್ದರೂ ಬಿಸಿಯಾದೆ.

ಕಸ್ತೂರಿ ತಲೆಯೆತ್ತಿ ನನ್ನನ್ನು ನೋಡಿದಳು. ಮೊದಲ ಸಲ ಪೂರ್ತಿಯಾಗಿ ನೋಡಿದಳು, ಮೂತಿಯಿಂದ ಹಿಂದಿನ ದೀಪದವರೆಗೆ.

"ಒಲ್ಲೆ," ಎಂದಳು.